ಇನ್ನೊಂದೇ ಒಂದು ಲೆನ್ಸು

ಫೋಟೋ ತೆಗೆಯುವವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಫೋಟೋ ತೆಗೆಯಲು ಸಜ್ಜಾಗುತ್ತಲೇ ಇರುವವರ ಬಗ್ಗೆ ಬರೆದವರು ಕಡಿಮೆ. ತಲೆ ಎಣಿಸಿದರೆ ಈ ಎರಡನೆಯವರೇ ಹೆಚ್ಚಿದ್ದಾರು. ಬೆಂಗಳೂರು, ಮೈಸೂರು, ಮಂಗಳೂರು ಎಲ್ಲೇ ಆಗಲಿ, ಅಪಾರ್ಟ್‌ಮೆಂಟಿಗೆ ಒಬ್ಬರಂತೆ ಸಿಗುತ್ತಾರೆ. ನಲವತ್ತು ದಾಟಿದ ವಯಸ್ಸು, ಕೈಯಲ್ಲಿ ಒಂದಿಷ್ಟು ದುಡ್ಡು, ಸೊಂಟದಲ್ಲಿ ಒಂದಿಷ್ಟು ನೋವು. ಕಥೆ ಶುರುವಾಗುವುದೇ ಆ ಸೊಂಟನೋವಿನಿಂದ. ದೊಡ್ಡ ಡಿಎಸ್‌ಎಲ್‌ಆರ್ ಹೊತ್ತು ಹಂಪಿಯ ಬಿಸಿಲಿನಲ್ಲಿ ಸುತ್ತಿ ಬಂದು, ರಾತ್ರಿ ಮುಲಾಮು ಹಚ್ಚಿಸಿಕೊಳ್ಳುವಾಗ ಇವರಿಗೆ ಜ್ಞಾನೋದಯವಾಗುತ್ತದೆ: ಕ್ಯಾಮೆರಾ ಹಗುರಾಗಿರಬೇಕು. ಹಳೆಯದನ್ನು ಬಂದ ಬೆಲೆಗೆ ಮಾರಿ ಪುಟ್ಟ ಮಿರರ್‌ಲೆಸ್ ಕಡೆ ತಿರುಗುತ್ತಾರೆ. ಹಗುರಾಗುವ ಆಸೆಯಲ್ಲಿ ನಗುವಂಥದ್ದೇನಿಲ್ಲ. ನಗು ಬರುವುದು ಆಮೇಲೆ. ಕ್ಯಾಮೆರಾ ಚಿಕ್ಕದಾದದ್ದರಿಂದಲೇ ಇವರ ಚೀಲ ದೊಡ್ಡದಾಗುತ್ತದೆ ಎನ್ನುವುದು ನನ್ನ ವಾದ. ಇವರನ್ನು ದುಂದುಗಾರರೆಂದೋ ಚಪಲಚಿತ್ತರೆಂದೋ ಬೈಯುವವರಿದ್ದಾರೆ, ನಾನು ಬೈಯಲಾರೆ. ಆ ಪುಟ್ಟ ಯಂತ್ರದ ನಿಜವಾದ ಸದ್ಗುಣವೇ ಇವರನ್ನು ಹೀಗೆ ಮಾಡಿದೆ.

2008ರ ಆಗಸ್ಟ್‌ನಲ್ಲಿ ಜಪಾನಿನ ಒಲಿಂಪಸ್ ಮತ್ತು ಪ್ಯಾನಸೋನಿಕ್ ಕಂಪನಿಗಳು ಕೂಡಿ ಮೈಕ್ರೋ ಫೋರ್ ಥರ್ಡ್ಸ್ ಎಂಬ ಹೊಸ ಏರ್ಪಾಡನ್ನು ಘೋಷಿಸಿದವು. ಕ್ಯಾಮೆರಾದೊಳಗಿನ ಕನ್ನಡಿಯನ್ನು ಕಿತ್ತು ಹಾಕಿದರೆ ಲೆನ್ಸಿನ ಬುಡಕ್ಕೂ ಸೆನ್ಸರಿಗೂ ನಡುವೆ ಅಷ್ಟು ಜಾಗ ಬೇಕಾಗುವುದಿಲ್ಲ. ಹಳೆಯ ಫೋರ್ ಥರ್ಡ್ಸ್‌ನಲ್ಲಿ 38.67 ಮಿಲಿಮೀಟರ್ ಇದ್ದ ಅಂತರ ಇಲ್ಲಿ 19.25ಕ್ಕೆ ಇಳಿಯಿತು. ಸೆನ್ಸರು 17.3ಕ್ಕೆ 13 ಮಿಲಿಮೀಟರ್, ಅಂದರೆ ಫಿಲಂ ಕಾಲದ 36ಕ್ಕೆ 24ರ ಚೌಕಟ್ಟಿನ ಕಾಲು ಭಾಗ. ಸೆನ್ಸರು ಸಣ್ಣದಾದ ಮೇಲೆ ಅದಕ್ಕೆ ಬಿಂಬ ಒದಗಿಸುವ ಲೆನ್ಸೂ ಸಣ್ಣದಾಗಬಹುದು, ಆಯಿತು ಕೂಡ. ಮರುವರ್ಷ ಬಂದ ಪ್ಯಾನಸೋನಿಕ್‌ನ 20 ಎಂಎಂ, ಎಫ್ 1.7 ಲೆನ್ಸಿನ ತೂಕ 100 ಗ್ರಾಂ. 2011ರಲ್ಲಿ ಬಂದ ಒಲಿಂಪಸ್‌ನ 45 ಎಂಎಂ, ಎಫ್ 1.8 ಲೆನ್ಸಿನದು 116. ಎಂಜಿನಿಯರುಗಳು ಕೊಟ್ಟ ಮಾತು ಉಳಿಸಿಕೊಂಡರು, ಫಜೀತಿ ಅಲ್ಲಿಂದಲೇ ಶುರುವಾಯಿತು. ಒಂದು ಕಿಲೋ ತೂಗುವ ಲೆನ್ಸು ಕೊಳ್ಳುವವನು ಎಲ್ಲಿಡುವುದು, ಯಾರು ಹೊರುವುದು, ಮನೆಯವರ ಕಣ್ಣಿಗೆ ಬೀಳದಂತೆ ಒಳಗೆ ತರುವುದು ಹೇಗೆ ಎಂದು ಯೋಚಿಸಲೇಬೇಕು. 116 ಗ್ರಾಮಿನ ವಸ್ತುವಿಗೆ ಈ ಯಾವ ಯೋಚನೆಯೂ ಬೇಡ. “ಬರೀ 116 ಗ್ರಾಂ ಕಣ್ರೀ, ಜೇಬಲ್ಲಿದ್ರೂ ಗೊತ್ತಾಗಲ್ಲ” ಎಂದು ಇವರು ಹೇಳುವಾಗ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಲವೂ ನಿಜವನ್ನೇ ಹೇಳುತ್ತಾರೆ. ನಿಜಗಳನ್ನೆಲ್ಲ ಒಂದು ಕಡೆ ಕೂಡಿಸುವುದಿಲ್ಲ, ಅಷ್ಟೇ.

ಕೂಡಿಸುವ ಕೆಲಸವನ್ನು ನಾವು ಮಾಡೋಣ. 2012ರ ಒಲಿಂಪಸ್ ಇ-ಎಂ5 ಬಾಡಿ ಬ್ಯಾಟರಿ ಸಮೇತ 425 ಗ್ರಾಂ. ದಿನಬಳಕೆಗೆ 12-40 ಝೂಮ್, 382. ರಾತ್ರಿಗೆ ಆ 20 ಎಂಎಂ, ಮುಖಕ್ಕೆ ಆ 45. ಹೂವು, ಜೇಡ, ಇರುವೆಗಳ ಮೇಲೆ ಇವರಿಗೆ ಇದ್ದಕ್ಕಿದ್ದಂತೆ ಹುಟ್ಟಿದ ಪ್ರೀತಿಗೆ 60 ಎಂಎಂ ಮ್ಯಾಕ್ರೋ, 185. ದೇವಸ್ಥಾನದ ನವರಂಗ ಇಡಿಯಾಗಿ ಬರಬೇಕಲ್ಲ, ಅದಕ್ಕೆ 7-14, 300 ಗ್ರಾಂ. ಹಕ್ಕಿಗೆ 100-300, ಅದು 520. ಒಟ್ಟು 2028 ಗ್ರಾಂ; ಚಾರ್ಜರು, ಹೆಚ್ಚುವರಿ ಬ್ಯಾಟರಿ, ಫಿಲ್ಟರು, ಟ್ರೈಪಾಡು ಲೆಕ್ಕಕ್ಕೆ ಬಂದಿಲ್ಲ. ಇನ್ನು ಸೊಂಟ ಮುರಿಯುತ್ತದೆಂದು ಮಾರಿದ ಕ್ಯಾನನ್ 5ಡಿ ಮಾರ್ಕ್ 3 ತೂಗುತ್ತಿದ್ದದ್ದು 950 ಗ್ರಾಂ, ಅದಕ್ಕೆ ಕಚ್ಚಿಕೊಂಡಿದ್ದ 50 ಎಂಎಂ 160. ಇದು ಅನ್ಯಾಯದ ಹೋಲಿಕೆ, ಇಷ್ಟೇ ಹರಹಿನ ಲೆನ್ಸುಗಳನ್ನು ದೊಡ್ಡ ಕ್ಯಾಮೆರಾಕ್ಕೆ ಕೊಂಡಿದ್ದರೆ ಹೊರಲು ಆಳು ಬೇಕಾಗುತ್ತಿತ್ತು ಎಂದು ಇವರು ಆಕ್ಷೇಪಿಸುತ್ತಾರೆ. ಒಪ್ಪಿದೆ, ನೂರಕ್ಕೆ ನೂರು ಸರಿ. ಆದರೆ ಕೊಂಡಿರಲಿಲ್ಲವಲ್ಲ! ಆ ಕಾಲದಲ್ಲಿ ಭಾರವೇ ಇವರ ವಿವೇಕವಾಗಿತ್ತು. ಒಂದೇ ಲೆನ್ಸು ಹೊತ್ತು ಹೋಗಿ, ಅದರಲ್ಲಿ ಸಿಕ್ಕಷ್ಟು ಹಿಡಿದು, ಸಿಗದ್ದಕ್ಕೆ ನಾಲ್ಕು ಹೆಜ್ಜೆ ಹಿಂದೆ ಮುಂದೆ ನಡೆಯುತ್ತಿದ್ದರು. ಹೊರುವ ಕಷ್ಟ ಹೋಯಿತು, ಅದರೊಂದಿಗೆ ಬೇಡ ಎನ್ನಲು ಇದ್ದ ಒಂದೇ ಕಾರಣವೂ ಹೋಯಿತು.

ತೂಕ ಪಕ್ಕಕ್ಕಿರಲಿ. ಆಯ್ಕೆಯ ರುಚಿ ಹತ್ತುವುದು ಬಾಡಿಗೆ ಲೆನ್ಸು ಹೊಂದಿಸುವಲ್ಲಿ. ಎರಡು ಕಂಪನಿಗಳದ್ದೂ ಒಂದೇ ಮೌಂಟು, ಯಾರ ಲೆನ್ಸು ಯಾರ ಬಾಡಿಗಾದರೂ ಕೂರುತ್ತದೆ. ಕೊಳ್ಳುವವನಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಏರ್ಪಾಡುಗಳು ಹೆಚ್ಚಿಲ್ಲ. ಆದರೆ ಇದು ಬೀಗರ ಮನೆಯ ಸತ್ಕಾರ: ಊಟ ಉಪಚಾರಕ್ಕೆ ಕೊರತೆಯಿಲ್ಲ, ಬೀರುವಿನ ಬೀಗದಕೈ ಮಾತ್ರ ಕೇಳಬಾರದು. ಕೈನಡುಕ ತಡೆಯುವ ಏರ್ಪಾಟನ್ನು ಒಲಿಂಪಸ್ ಮೊದಲಿನಿಂದ ಬಾಡಿಯೊಳಗೆ ಇಟ್ಟಿತು, ಪ್ಯಾನಸೋನಿಕ್ ಬಹುಕಾಲ ಲೆನ್ಸಿನೊಳಗೆ ಇಟ್ಟಿತ್ತು. ಬಾಡಿ ಮತ್ತು ಲೆನ್ಸು ಎರಡೂ ಒಟ್ಟಿಗೆ ನಡುಕ ತಡೆಯುವ ಸೌಲಭ್ಯ ಬಂದಾಗ ಅದು ಆಯಾ ಮನೆತನದ ಒಳಗೇ ಉಳಿಯಿತು. ಲೈಕಾ ಹೆಸರು ಹೊತ್ತ ಪ್ಯಾನಸೋನಿಕ್‌ನ 15 ಎಂಎಂ ಲೆನ್ಸಿನ ಅಪರ್ಚರ್ ಉಂಗುರವನ್ನು ಒಲಿಂಪಸ್ ಬಾಡಿಯ ಮೇಲೆ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ, ಬೆರಳಿಗೆ ವ್ಯಾಯಾಮ. ಪ್ಯಾನಸೋನಿಕ್‌ನ 7-14 ಲೆನ್ಸನ್ನು ಒಲಿಂಪಸ್‌ಗೆ ಹಾಕಿ ಜೋರು ದೀಪದ ಎದುರು ಹಿಡಿದರೆ ನೇರಳೆ ಮಚ್ಚೆಗಳು ಏಳುವುದುಂಟು. ಸಾಮಾನ್ಯ ಮನುಷ್ಯ ಇದನ್ನೆಲ್ಲ ಕೇಳಿ ಒಂದೇ ಕಂಪನಿಯದ್ದನ್ನು ಕೊಂಡು ಸುಮ್ಮನಾಗುತ್ತಾನೆ. ಇವರು ಎರಡೂ ಮನೆತನದ ತಲಾ ಒಂದು ಬಾಡಿ ಇಟ್ಟುಕೊಳ್ಳುತ್ತಾರೆ. ಮೇಲಾಗಿ ಕನ್ನಡಿ ಹೋಗಿ ಖಾಲಿಯಾದ ಜಾಗದಲ್ಲಿ ಅಡಾಪ್ಟರ್ ಕೂರುವುದರಿಂದ ಬೇರೆ ಕಂಪನಿಗಳ ಹಳೆಯ ಫಿಲಂ ಲೆನ್ಸುಗಳಿಗೂ ಇಲ್ಲಿ ಪ್ರವೇಶವಿದೆ. ಹಾಗಾಗಿ ಸಂಡೇ ಬಜಾರಿನ ಗುಜರಿಯೂ, ಮಾವನವರ ಅಟ್ಟದ ಟ್ರಂಕೂ ಇವರ ಪಾಲಿಗೆ ಲೆನ್ಸಿನ ಅಂಗಡಿಯೇ.

ಸೆನ್ಸರು ಚಿಕ್ಕದು ಎಂಬ ಕೊರಗು ಒಂದಿದೆ. ಅದರಿಂದಾಗಿ ಇವರು ಕಂಡದ್ದನ್ನೆಲ್ಲ ಎರಡರಿಂದ ಗುಣಿಸಲು ಕಲಿತಿರುತ್ತಾರೆ: 25 ಎಂಎಂ ಎಂದರೆ ನೋಟದಲ್ಲಿ 50, 300 ಎಂದರೆ 600. ಹಕ್ಕಿಯ ವಿಷಯದಲ್ಲಿ ಈ ಗುಣಾಕಾರವನ್ನು ಗಟ್ಟಿಯಾಗಿ ಹೇಳುತ್ತಾರೆ, ಎಫ್ ಸಂಖ್ಯೆಯ ವಿಷಯ ಬಂದಾಗ ದನಿ ತಗ್ಗುತ್ತದೆ. ಎಫ್ 1.8ರ 45 ಎಂಎಂ ಲೆನ್ಸು ಶಟರ್ ವೇಗದ ಮಟ್ಟಿಗೆ ಎಫ್ 1.8ರಂತೆಯೇ ನಡೆದುಕೊಳ್ಳುತ್ತದೆ, ಹಿನ್ನೆಲೆ ಮಸುಕಾಗಿಸುವ ಮಟ್ಟಿಗೆ ಫುಲ್ ಫ್ರೇಮಿನ 90 ಎಂಎಂ, ಎಫ್ 3.6ರಷ್ಟೇ. ಈ ಅರೆಮಸುಕು ಇವರ ನಿದ್ದೆ ಕೆಡಿಸುತ್ತದೆ. ಪರಿಹಾರಕ್ಕೆ ಎಫ್ 1.2ರ 25 ಎಂಎಂ ಲೆನ್ಸಿದೆ, 410 ಗ್ರಾಂ, ಬಾಡಿಯಷ್ಟೇ ಭಾರ. ಅದನ್ನು ಕೊಂಡ ವಾರದಲ್ಲೇ ತಂಗಿಯ ಮಗುವಿನ ನಾಮಕರಣ ಎಂದಿಟ್ಟುಕೊಳ್ಳಿ. ತೊಟ್ಟಿಲ ಬಳಿ ಸೋದರತ್ತೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಇವರು 45 ಬಿಚ್ಚಿ 25 ಹಾಕುತ್ತಿರುತ್ತಾರೆ, ಸೆನ್ಸರಿನ ಮೇಲೆ ಅಕ್ಷತೆ ಬೀಳದಂತೆ ಬೆನ್ನು ತಿರುಗಿಸಿ. ಆ ಕ್ಷಣದ ಚಿತ್ರ ಎಂಟನೇ ಕ್ಲಾಸಿನ ಹುಡುಗಿಯ ಮೊಬೈಲಿನಲ್ಲಿ ಬಂದಿರುತ್ತದೆ, ಊಟದ ಎಲೆ ಹಾಕುವಷ್ಟರಲ್ಲಿ ನೆಂಟರಿಗೆಲ್ಲ ತಲುಪಿಯೂ ಇರುತ್ತದೆ. ಎಲ್ಲರೂ ಮಗುವಿನ ಮುಖ ನೋಡಿ ಹಿಗ್ಗಿದರೆ ಇವರು ಬೆರಳಲ್ಲಿ ಹಿಗ್ಗಿಸಿ ನೋಡಿ, “ಹಿನ್ನೆಲೆ ಮಸುಕು ನಕಲಿ, ಕೂದಲಿನ ಅಂಚು ನೋಡಿ, ಕತ್ತರಿಸಿ ಅಂಟಿಸಿದ ಹಾಗಿದೆ” ಎನ್ನುತ್ತಾರೆ. ಹೇಳಿದ್ದು ಸರಿಯೇ. ಇವರ ಕಣ್ಣು ಎಷ್ಟು ಪಳಗಿದೆಯೆಂದರೆ ಚಿತ್ರದಲ್ಲಿ ಮೂಲೆಯ ಚುರುಕು, ಅಂಚಿನ ನೇರಳೆ ಗೆರೆ, ಗೋಡೆಯ ಉಬ್ಬು ಎಲ್ಲ ಕಾಣುತ್ತವೆ, ಮಗುವನ್ನು ಬಿಟ್ಟು.

ಉಪಕರಣ ಮುಖ್ಯವಲ್ಲ, ಕಣ್ಣು ಮುಖ್ಯ ಎಂದು ಇಷ್ಟಕ್ಕೇ ತೀರ್ಪು ಕೊಟ್ಟುಬಿಡುವವರ ಪಕ್ಷಕ್ಕೂ ನಾನು ಸೇರಲಾರೆ. ಅದು ಸೋಮಾರಿಯ ಮಾತು. ರಂಗನತಿಟ್ಟಿನ ದೋಣಿಯಲ್ಲಿ ಕೂತು ಕಿಟ್‌ನಲ್ಲಿ ಬಂದ 14-42 ಲೆನ್ಸನ್ನು ನದಿ ರೀವ ಹಕ್ಕಿಯ ಕಡೆ ತಿರುಗಿಸಿದರೆ ಸಿಗುವುದು ಕಾವೇರಿಯ ಮೇಲೊಂದು ಚುಕ್ಕೆ. ಅಲ್ಲಿ 300 ಎಂಎಂ ಬೇಕೇ ಬೇಕು. ಬಾಡಿಯೊಳಗಿನ ಸ್ಥಿರತೆ ನಿಮ್ಮ ಕೈನಡುಕವನ್ನು ತಡೆದೀತೇ ಹೊರತು ಹಕ್ಕಿಯ ರೆಕ್ಕೆಯನ್ನು ನಿಲ್ಲಿಸಲಾರದು, ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಚುರುಕಾದ ಶಟರ್ ಬೇಕು ಎಂಬುದನ್ನು ಇವರಷ್ಟು ಸ್ಪಷ್ಟವಾಗಿ ಯಾರೂ ವಿವರಿಸಲಾರರು. ವ್ಯತ್ಯಾಸ ಇರುವುದು ಕ್ರಮದಲ್ಲಿ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರಿಗೆ ಮೊದಲು ಕಾಡು ಬಂತು, ಅದಕ್ಕೆ ತಕ್ಕ ಕ್ಯಾಮೆರಾ ಆಮೇಲೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಂಡಾಗ ಮೈಕ್ರೋ ಫೋರ್ ಥರ್ಡ್ಸ್ ಎಂಬ ಹೆಸರೇ ಹುಟ್ಟಿರಲಿಲ್ಲ. ಅವರಿಗೆ ಹಕ್ಕಿ ಗೊತ್ತಿತ್ತು, ಅದು ಎಲ್ಲಿ ಬಂದು ಕೂರುತ್ತದೆಂದು ಗೊತ್ತಿತ್ತು. ನಮ್ಮವರದು ತಿರುಗುಮುರುಗು. ಲೆನ್ಸು ಮನೆಗೆ ಬಂದ ಮೇಲೆ ಅದಕ್ಕೊಂದು ಹಕ್ಕಿ ಹುಡುಕುತ್ತಾರೆ. ಮೊದಲ ಭಾನುವಾರ ಸಿಗುವುದು ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿನ ಪಾರಿವಾಳ. ಅದರ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟವಾಗಿ ಬರುತ್ತದೆ. ಎರಡನೆಯ ಭಾನುವಾರ 300 ಸಾಲದು, 400 ಬೇಕು ಎನಿಸುತ್ತದೆ. 100-400 ಲೆನ್ಸು 985 ಗ್ರಾಂ. ಅಲ್ಲಿಗೆ ಮಾರಿದ ಕ್ಯಾನನ್ ಬಾಡಿಗಿಂತ ಲೆನ್ಸೊಂದೇ ಭಾರವಾಯಿತು, ಸೊಂಟ ಮತ್ತೆ ಮುಲಾಮು ಕೇಳಿತು.

ಅವರ ದುಡ್ಡು, ಅವರ ಸೊಂಟ, ನಿಮಗೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೆಂಡ, ಇಸ್ಪೀಟು, ಸೈಟು ವ್ಯವಹಾರಗಳ ಪಕ್ಕದಲ್ಲಿಟ್ಟರೆ ಇದು ಸಾತ್ವಿಕ ಚಟ. ಒಂದೇ ತೊಡಕೆಂದರೆ ಲೆನ್ಸುಗಳಿಗೆ ಮಲೆನಾಡು, ಕರಾವಳಿಯ ಮಳೆಗಾಲ ಆಗಿಬರುವುದಿಲ್ಲ. ತೇವಕ್ಕೆ ಗಾಜಿನ ಮೇಲೆ ಬೂಷ್ಟು ಬಲೆ ಕಟ್ಟುತ್ತದೆ. ಹಾಗಾಗಿ ಮನೆಗೊಂದು ಡ್ರೈ ಕ್ಯಾಬಿನೆಟ್ ಬರುತ್ತದೆ, ತೇವವನ್ನು ನೂರಕ್ಕೆ ನಲವತ್ತೈದರ ಆಸುಪಾಸಿನಲ್ಲಿ ಹಿಡಿದಿಡುವ, ಮುಖದ ಮೇಲೆ ಅಂಕಿ ಮಿನುಗುವ ಗಾಜಿನ ಪೆಟ್ಟಿಗೆ. ಜುಲೈ ತಿಂಗಳ ಮಂಗಳೂರಿನಲ್ಲಿ ಮನೆಮಂದಿಯ ಬಟ್ಟೆ ಒಣಗದೆ ಮುಗ್ಗುಲು ನಾರುವಾಗ ಅಲ್ಲಿ ಬೆಚ್ಚಗಿರುವವು ಈ ಲೆನ್ಸುಗಳು ಮಾತ್ರ. ಕಂಪನಿಗಳೇ ಆಸೆ ಹುಟ್ಟಿಸುತ್ತವೆ ಎಂಬ ಮಾತೂ ಇದೆ. ಹುಟ್ಟಿಸುತ್ತವೆ, ನಿಜ. ಒಲಿಂಪಸ್ ಇ-ಎಂ10 ಸಾಲಿನಲ್ಲಿ 2014, 2015, 2017ರಲ್ಲಿ ಬಂದ ಮೂರೂ ಬಾಡಿಗಳದ್ದು ಅದೇ 16 ಮೆಗಾಪಿಕ್ಸೆಲ್. ಆದರೆ ಕಂಪನಿ ಆಸೆ ಹುಟ್ಟಿಸದಿದ್ದಾಗಲೂ ಇವರು ನಿಂತಿಲ್ಲ. 2020ರ ಜೂನ್‌ನಲ್ಲಿ ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಕೈಬಿಡುವ ಸುದ್ದಿ ಬಂತು. 2021ರ ಜನವರಿಯಿಂದ ಅದು ಓಎಂ ಡಿಜಿಟಲ್ ಸೊಲ್ಯೂಷನ್ಸ್ ಆಯಿತು. ಈ ಏರ್ಪಾಡು ಮುಳುಗಿತು ಎಂದು ಇವರು ಸೂತಕದ ಮುಖ ಮಾಡಿದರು, ಮುಳುಗುವ ಹಡಗಿನಿಂದ ಅಗ್ಗಕ್ಕೆ ಸಿಕ್ಕೀತೆಂದು ಇನ್ನೆರಡು ಲೆನ್ಸು ಕೊಂಡರು. ಕಂಪನಿಯ ಹುಟ್ಟಿಗೂ ಇವರ ಬಳಿ ಕಾರಣವಿದೆ, ತಿಥಿಗೂ ಇದೆ.

ಇಷ್ಟೆಲ್ಲ ತಿಳಿವಳಿಕೆ ವ್ಯರ್ಥವೆಂದು ಮಾತ್ರ ಯಾರೂ ಹೇಳಬಾರದು, ಏಕೆಂದರೆ ಬೇರೆಯವರಿಗೆ ಸಲಹೆ ಕೊಡುವಾಗ ಇವರಂಥ ಜಾಣರಿಲ್ಲ. ಆಫೀಸಿನ ಹುಡುಗಿಯೊಬ್ಬಳು “ಸಾರ್, ಮೊದಲ ಸಲ ಕ್ಯಾಮೆರಾ ತಗೋತಿದೀನಿ, ಏನು ತಗೊಳ್ಳಲಿ” ಎಂದು ಕೇಳಿದರೆ ಎರಡೇ ನಿಮಿಷದಲ್ಲಿ ಉತ್ತರ ಸಿದ್ಧ: ಒಂದು ತಲೆಮಾರು ಹಳೆಯ ಬಾಡಿ ಸೆಕೆಂಡ್ ಹ್ಯಾಂಡ್ ತಗೋಮ್ಮ, ಅದರ ಜೊತೆ ಬರುವ 14-42 ಸಾಕು, ಆರು ತಿಂಗಳಾದ ಮೇಲೂ ಆಸಕ್ತಿ ಉಳಿದಿದ್ದರೆ 45 ಎಂಎಂ ಒಂದು ಸೇರಿಸು, ಉಳಿದ ದುಡ್ಡಲ್ಲಿ ಊರು ನೋಡು. ಇದಕ್ಕಿಂತ ಒಳ್ಳೆಯ ಸಲಹೆ ಯಾವ ಅಂಗಡಿಯಲ್ಲೂ ಸಿಗಲಾರದು. ಆಕೆ ಹಾಗೆಯೇ ಮಾಡುತ್ತಾಳೆ, ಬಾದಾಮಿಗೆ ಹೋಗಿ ಒಳ್ಳೆಯ ಚಿತ್ರಗಳನ್ನೇ ತರುತ್ತಾಳೆ. ಇವರು ಮನಸಾರೆ ಮೆಚ್ಚುತ್ತಾರೆ. ಹಾಗಾದರೆ ಈ ಸಲಹೆಯನ್ನು ತಾವೇ ಏಕೆ ಪಾಲಿಸಬಾರದು, ಒಂದು ವರ್ಷ ಒಂದೇ ಬಾಡಿ ಒಂದೇ ಲೆನ್ಸು ಎಂಬ ವ್ರತ ಹಿಡಿಯಬಾರದೇಕೆ ಎಂದು ಕೇಳಿದರೆ ಬೇಸರಿಸಿಕೊಳ್ಳುವವರೂ ಅಲ್ಲ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ತಿಯೇ-ಬ್ರೆಸ್ಸೋನ್ ಬಹುಪಾಲು ಕೆಲಸವನ್ನು 50 ಎಂಎಂ ಒಂದರಲ್ಲೇ ಮಾಡಿದ್ದೆಂಬುದು ಇವರಿಗೆ ತಿಳಿದದ್ದೇ. ತಕ್ಷಣ ಒಪ್ಪುತ್ತಾರೆ, ಕಣ್ಣಲ್ಲಿ ಹುರುಪು ಬರುತ್ತದೆ. ಈಗ ಉಳಿದಿರುವುದು ಆ ಒಂದು ಲೆನ್ಸು ಯಾವುದೆಂಬ ಸಣ್ಣ ವಿಚಾರ. 17 ಎಂಎಂ ಎಂದರೆ 34, ಬೀದಿಗೆ ಹೇಳಿ ಮಾಡಿಸಿದ್ದು. 25 ಎಂದರೆ 50, ಕಾರ್ತಿಯೇ-ಬ್ರೆಸ್ಸೋನ್ ಅವರದ್ದೇ ನೋಟ. 20 ಎಂದರೆ 40, ಎರಡರ ನಡುವಿನದು, ಆದರೆ ಫೋಕಸ್ ಸ್ವಲ್ಪ ನಿಧಾನ. 17ರಲ್ಲೇ ಎಫ್ 1.8 ಬೇರೆ, ಎಫ್ 1.2 ಬೇರೆ. ಒಂದು ವರ್ಷದ ವ್ರತ ಎಂದ ಮೇಲೆ ಅವಸರದಲ್ಲಿ ಸಂಕಲ್ಪ ಮಾಡುವ ಹಾಗಿಲ್ಲ. ನಾಲ್ಕನ್ನೂ ತರಿಸಿ, ತಲಾ ಒಂದು ತಿಂಗಳು ಬಳಸಿ ನೋಡಿ, ಆಮೇಲೆ ಶುರು ಮಾಡುವುದೆಂದು ಗೊತ್ತುಮಾಡಿಕೊಂಡಿದ್ದಾರೆ.