ಸನ್ನಾಹದ ತೂಕ

ಮನಾಲಿಯಿಂದ ಲೇಹ್‌ಗೆ ಹೋಗುವ ಬೈಕಿನವರು ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋಗುವುದಿಲ್ಲ. 'ಮುಂದಿನ ಬಂಕ್ 365 ಕಿ.ಮೀ.' ಎನ್ನುವ ಅಲ್ಲಿನ ಬೋರ್ಡು ಅಷ್ಟು ಪ್ರಸಿದ್ಧ. ಗೆಳೆಯನೊಬ್ಬ ಆ ಫೋಟೊ ತೋರಿಸಿದ್ದೇ ತಡ, ನನ್ನ ಹಿಮಾಲಯನ್ ಬೈಕಿನ 15 ಲೀಟರ್ ಟ್ಯಾಂಕು ತೀರ್ಥದ ಉದ್ಧರಣೆಯಷ್ಟೇ ಎನ್ನಿಸತೊಡಗಿತು. ಲೀಟರಿಗೆ 30 ಎಂದರೂ 450 ಕಿಲೋಮೀಟರ್ ಆಯಿತಲ್ಲ ಎಂದು ಬುದ್ಧಿ ಹೇಳಿತು. ಭಯಕ್ಕೆ ಮಗ್ಗಿ ಬರುವುದಿಲ್ಲ.

ಹೀಗೆ ಜೆರ್ರಿ ಕ್ಯಾನ್ ಬಂತು. ಅದನ್ನು ಕೂರಿಸಲು ಕಬ್ಬಿಣದ ಸ್ಟ್ಯಾಂಡ್ ಬಂತು. "ಒಂದು ಕಡೆ ಭಾರ ಆದ್ರೆ ಗಾಡಿ ಎಳೆಯುತ್ತೆ ಸಾರ್" ಎಂದು ಜೆ.ಸಿ. ರಸ್ತೆಯ ಅಂಗಡಿಯವನು ಇನ್ನೊಂದು ಕಡೆಗೆ ಪೆಟ್ಟಿಗೆ ಮಾರಿದ. ಪೆಟ್ಟಿಗೆ ಖಾಲಿ ಇದ್ದರೆ ಮತ್ತೆ ಎಳೆಯುತ್ತದಲ್ಲ! ಅದನ್ನು ತುಂಬುವ ಹೊಣೆ ಮನೆಯವರು ಹೊತ್ತರು. ಅಮ್ಮ ಚಟ್ನಿಪುಡಿ, ಕೋಡುಬಳೆ ತುಂಬಿದಳು. ಭೌತಶಾಸ್ತ್ರದ ಮೇಷ್ಟ್ರಾದ ನಮ್ಮ ಭಾವ, "ಖರ್ದುಂಗ್ ಲಾ 5,359 ಮೀಟರ್ ಎತ್ತರ ಕಣಯ್ಯ. ಅಲ್ಲಿ ನೀರು 82 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ, ಅನ್ನ ಬೇಯೋದಿಲ್ಲ" ಎಂದು ಪುಟ್ಟ ಕುಕ್ಕರ್ ತಂದುಕೊಟ್ಟರು. ಆ ಕಣಿವೆಯ ನೆತ್ತಿಯಲ್ಲಿ ಹತ್ತು ನಿಮಿಷ ನಿಂತರೇ ತಲೆ ತಿರುಗುವಾಗ ಅನ್ನಕ್ಕಿಡುವವರು ಯಾರು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅಕ್ಕನನ್ನು ಕೊಟ್ಟ ಮನೆ.

ಗಾಡಿಯನ್ನು ನೋಡಿ ಮೆಕ್ಯಾನಿಕ್ ಬಾಬಣ್ಣ ಮಾತಾಡಲಿಲ್ಲ. ಗ್ಯಾರೇಜಿನ ಪಕ್ಕದ ಮರಳುಗುಡ್ಡೆಯ ಮೇಲೆ ಅದನ್ನು ಮೆಲ್ಲಗೆ ಮಲಗಿಸಿ, "ಎತ್ತಿ ಸಾರ್" ಎಂದ. ಸೊಂಟದಿಂದ ಒಂದು ಸದ್ದು ಬಂತು, ಗಾಡಿ ಅಲುಗಲಿಲ್ಲ. "ಬರೀ ಗಾಡೀನೇ ಇನ್ನೂರು ಕೆ.ಜಿ. ಹತ್ರ ಹತ್ರ ಇದೆ. ಅಲ್ಲಿ ಬಿದ್ರೆ ನಿಮ್ ಭಾವ ಬರ್ತಾರಾ?"

ಕುಕ್ಕರಿನಿಂದ ಶುರುವಾಗಿ ಒಂದೊಂದೇ ಕೆಳಗಿಳಿಯಿತು. ಕೋಡುಬಳೆ ಅವನ ಹುಡುಗರ ಪಾಲಾಯಿತು. ಹಾಕಿದ್ದು ಕೊಂಚವೇ, ಆದರೆ ನೋಡುವಂತಿತ್ತು. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿದ. ನಡುದಾರಿಯಲ್ಲಿ ತುಂಡಾದರೆ ತುದಿ ಬದಲಿಸಿ ಸಿಕ್ಕಿಸಿದರಾಯಿತು. ಮುಂದಿನ ಚಕ್ರ 21 ಇಂಚು, ಹಿಂದಿನದು 17. 21ರ ಟ್ಯೂಬ್ ಒಂದಿದ್ದರೆ ಕಷ್ಟಕಾಲದಲ್ಲಿ ಹಿಂದಕ್ಕೂ ತುರುಕಬಹುದಂತೆ. ಬಳಿಕ ನನ್ನ ಕೈಯಲ್ಲೇ ಚಕ್ರ ಬಿಚ್ಚಿಸಿ, ಪಂಕ್ಚರ್ ಹಾಕಿಸಿದ. ಎಸ್ಸೆಸ್ಸೆಲ್ಸಿಗೂ ನಾನು ಅಷ್ಟು ಬೆವರಿರಲಿಲ್ಲ.

ಬೆಂಗಳೂರಿನಿಂದ ಚಂಡೀಗಢದವರೆಗೆ ಗಾಡಿ ರೈಲಿನಲ್ಲಿ ಹೋಗಬೇಕಿತ್ತು. ಯಶವಂತಪುರದ ಪಾರ್ಸಲ್ ಕಚೇರಿಯವರು ಟ್ಯಾಂಕಿನಲ್ಲಿ ಪೆಟ್ರೋಲ್ ಇರಕೂಡದು ಎಂದು ಪೂರ್ತಿ ಬಸಿಸಿದರು. ಗುಡ್ಡ ಹತ್ತಲು ಸಜ್ಜಾದ ಗಾಡಿಗೆ ಗೋಣಿಚೀಲ ಸುತ್ತಿ, ದಾರ ಬಿಗಿದು, ಈರುಳ್ಳಿ ಮೂಟೆಗಳ ಪಕ್ಕ ನಿಲ್ಲಿಸಿದರು. ಇದನ್ನೆಲ್ಲ ನೋಡುತ್ತ ನಿಂತಿದ್ದ ಹೆಂಡತಿ ಆಗ ಬಾಯಿಬಿಟ್ಟಳು: "ಲೇಹ್‌ನಲ್ಲಿ ಇದೇ ಗಾಡಿ ಬಾಡಿಗೆಗೆ ಸಿಗುತ್ತಂತಲ್ಲ ರೀ?"

ಪುಣ್ಯಕ್ಕೆ ಹೆಲ್ಮೆಟ್ ಪಾರ್ಸಲ್ ಮಾಡಿರಲಿಲ್ಲ. ತಲೆಗೆ ಹಾಕಿಕೊಂಡು ಆಟೋ ಹುಡುಕಲು ಹೊರಟೆ.