500 ಕಿಲೋಮೀಟರ್ ಯಾವಾಗ ಆಗುತ್ತೆ, ಭಾವ?

ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುವುದೇ ತಡ, ಸಲಹೆ ಕೊಡಲು ಇಡೀ ಬೀದಿ ಸಜ್ಜಾಗುತ್ತದೆ. ನಮ್ಮ ಭಾವಮೈದ ಬುಲೆಟ್ ತಂದು ಬೆಂಗಳೂರಿನ ಹೂಡಿಯ ಟೀ ಅಂಗಡಿ ಮುಂದೆ ನಿಲ್ಲಿಸಿದ್ದೇ ತಪ್ಪಾಯಿತು. ಒಬ್ಬರು, "ಮೊದಲ ಆಯಿಲ್ 300ಕ್ಕೇ ತೆಗೆಸಿಬಿಡಿ" ಅಂದರು. ಇನ್ನೊಬ್ಬರು, "ಕಂಪನಿಯವರೇನು ದಡ್ಡರಾ? ಸಾವಿರ ಆಗ್ಲಿ" ಅಂದರು. ಮೂರನೆಯವರು ಕುಕ್ಕರಗಾಲಲ್ಲಿ ಕೂತು, ಇಂಜಿನ್ನಿನ ಪಕ್ಕದ ಪುಟ್ಟ ಗಾಜಿಗೆ ಕಣ್ಣು ಹಚ್ಚಿ, "ಕಪ್ಪಾಗಿದೆ" ಎಂದು ತೀರ್ಪು ಕೊಟ್ಟು, ಟೀ ದುಡ್ಡು ಕೊಡದೆ ಎದ್ದು ಹೋದರು.

ಕಪ್ಪಾದರೆ ಕೆಟ್ಟಿತು ಅಂತಲ್ಲ ಸ್ವಾಮಿ. ಇಂಜಿನ್ ಒಳಗಿನ ಮಸಿಯನ್ನು ಎಲ್ಲೂ ಅಂಟದಂತೆ ತನ್ನೊಳಗೇ ಹೊತ್ತು ತಿರುಗುವುದು ಆಯಿಲ್‌ನ ಕೆಲಸ. ಮೈ ಕಪ್ಪಾದರೆ ದುಡಿದಿದೆ ಅಂತ ಅರ್ಥ. ಹೊಸ ಇಂಜಿನ್ನಿನ ಮೊದಲ ಆಯಿಲನ್ನು ಬೇಗ ತೆಗೆಯುವ ಕಾರಣವೇ ಬೇರೆ. ಪಿಸ್ಟನ್ ರಿಂಗಿಗೂ ಬೋರಿಗೂ ಆಗತಾನೆ ಮದುವೆ. ಹೊಂದಿಕೊಳ್ಳುವ ತನಕ ಇಬ್ಬರೂ ಪರಸ್ಪರ ಉಜ್ಜಿಕೊಂಡೇ ಇರುತ್ತಾರೆ. ಆ ಜಗಳದಲ್ಲಿ ಉದುರಿದ ಸಣ್ಣ ಲೋಹದ ಪುಡಿ ಆಯಿಲಿಗೆ ಸೇರುತ್ತದೆ. ಅದನ್ನು ಹೊರಗೆ ಹಾಕಬೇಕು, ಜೊತೆಗೆ ಫಿಲ್ಟರನ್ನೂ. ಅದೂ ಇಂಜಿನ್ ಬಿಸಿ ಇರುವಾಗಲೇ ಇಳಿಸಬೇಕು. ತಣ್ಣಗಾದರೆ ಹೊಲಸೆಲ್ಲ ತಳದಲ್ಲೇ ಕೂರುತ್ತದೆ.

ಬುಲೆಟ್ಟಿನ ಪುಸ್ತಕದಲ್ಲಿ ಮೊದಲ ಸರ್ವಿಸಿಗೆ 500 ಕಿ.ಮೀ. ಅಥವಾ 45 ದಿನ, ಯಾವುದು ಮೊದಲೋ ಅದು ಎಂದಿದೆ. ಭಾವಮೈದ ಹಿಡಿದುಕೊಂಡಿದ್ದು ಕಿಲೋಮೀಟರನ್ನು ಮಾತ್ರ. ದಿನಾ ಸಂಜೆ ಮೀಟರ್ ನೋಡಿ, "500 ಯಾವಾಗ ಆಗುತ್ತೆ, ಭಾವ?" ಅಂತಾನೆ. ಅಲ್ಲಪ್ಪಾ, ನೀನಿರುವುದು ಹೂಡಿಯಲ್ಲಿ! ಇಲ್ಲಿ ಮುಂದಕ್ಕೆ ಹೋಗೋದು ಗಡಿಯಾರ ಮಾತ್ರ.

ಲೆಕ್ಕ ಹಾಕೋಣ. 2022ರಲ್ಲಿ ಬೆಂಗಳೂರಿನ ನಡುವೆ 10 ಕಿ.ಮೀ. ದಾಟಲು ಸುಮಾರು 29 ನಿಮಿಷ ಎಂದು ಟ್ರಾಫಿಕ್ ಅಳೆಯುವ ಟಾಮ್‌ಟಾಮ್‌ನವರು ಬರೆದರು. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ಪಾಪ, ಅವರು ಸಂಜೆ ಆರರ ಹೊತ್ತಿಗೆ ಗ್ರಾಫೈಟ್ ಇಂಡಿಯಾ ಸಿಗ್ನಲ್ಲಿನಲ್ಲಿ ನಿಂತಿರಲಿಕ್ಕಿಲ್ಲ. ಅಲ್ಲಿ ಗಂಟೆಗೆ 10 ಸಿಕ್ಕರೆ ದೇವರು ದೊಡ್ಡವನು. ಕೋಲಾರದ ರಸ್ತೆಯಲ್ಲಿ 50ರಲ್ಲಿ ಹೋಗುವವನಿಗೆ 500 ಕಿ.ಮೀ. ಅಂದರೆ ಹತ್ತು ಗಂಟೆ ದುಡಿಮೆ. ನಮ್ಮವನಿಗೆ 50 ಗಂಟೆ. ಮೀಟರಿನಲ್ಲಿ ಇಬ್ಬರದೂ ಒಂದೇ ಅಂಕಿ.

ಇದನ್ನು ನಮ್ಮ ರೈತರು ಎಂದೋ ಕಂಡುಕೊಂಡಿದ್ದಾರೆ. ಟ್ರ್ಯಾಕ್ಟರಿಗೆ ಗಂಟೆ ಮೀಟರ್ ಇದೆ. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ. ಜೆಸಿಬಿಗೂ ಗಂಟೆ ಲೆಕ್ಕವೇ, ಅಪಾರ್ಟ್‌ಮೆಂಟಿನ ಜನರೇಟರಿಗೂ ಗಂಟೆ ಲೆಕ್ಕವೇ. ನಿಂತಲ್ಲೇ ಉರಿಯುವ ಯಂತ್ರಕ್ಕೆ ದೂರದ ಲೆಕ್ಕ ಯಾಕೆ? ಆ ಗಂಟೆ ಮೀಟರ್ ಬೇಕಾಗಿರುವುದು ಹೂಡಿಯ ಬೈಕಿಗೇ.

ಇನ್ನು ಪಿ.ಜಿ.ಯಿಂದ ಹೂಡಿ ಮೆಟ್ರೋ ಸ್ಟೇಷನ್ ತನಕ ಮಾತ್ರ ಸ್ಕೂಟರ್ ಓಡಿಸುವ ಜಾಣರು. 2023ರ ಮಾರ್ಚಿನಲ್ಲಿ ಇಲ್ಲಿಗೆ ಮೆಟ್ರೋ ಬಂದ ಮೇಲೆ ಇವರ ಸಂತತಿ ಬೆಳೆದಿದೆ. "ನಂದು ತಿಂಗಳಿಗೆ 40 ಕಿ.ಮೀ. ಅಷ್ಟೇ, ಆಯಿಲ್ ಹೊಸದಾಗೇ ಇದೆ" ಅಂತ ಬೀಗುತ್ತಾರೆ. ಇಂಜಿನ್ ಪೂರ್ತಿ ಕಾಯುವುದರೊಳಗೆ ಆಫ್. ಒಳಗಿನ ತೇವವೂ ಸುಡದ ಪೆಟ್ರೋಲೂ ಆವಿಯಾಗಿ ಹೋಗದೆ ಆಯಿಲಿನಲ್ಲೇ ಉಳಿಯುತ್ತವೆ. ಕಡಿಮೆ ಓಡಿಸಿದವರೇ ತಾರೀಖು ನೋಡಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಹಿರಿಯರ ಮುಂದೆ ಇದನ್ನೆಲ್ಲ ಹೇಳಬೇಡಿ. "ನಾವು ಪೆಟ್ರೋಲಿಗೇ ಆಯಿಲ್ ಬೆರೆಸ್ತಿದ್ವಿ, ಉರಿದು ಹೊಗೆಯಾಗಿ ಹೋಗ್ತಿತ್ತು, ಬದಲಾಯಿಸೋ ಮಾತೆಲ್ಲಿ?" ಅಂತಾರೆ. ಗೇರ್‌ಬಾಕ್ಸಿನ ಆಯಿಲ್ ಬಗ್ಗೆ ಕೇಳಿ ನೋಡಿ, ಮಾತು ಬದಲಾಯಿಸುತ್ತಾರೆ. ಎಲೆಕ್ಟ್ರಿಕ್ ಸ್ಕೂಟರಿನವರಂತೂ ಇಡೀ ಚರ್ಚೆಯಲ್ಲಿ ಮುಗುಳ್ನಗುತ್ತಾ ಕೂತಿರುತ್ತಾರೆ. ಅವರಿಗೆ ಟೀ ಕೊಡಿಸಬೇಡಿ.

ಕೊನೆಗೆ ಭಾವಮೈದನಿಗೆ ತಾರೀಖಿನ ಲೆಕ್ಕ ಹಿಡಿಸಿತು. ಶನಿವಾರ ಬೆಳಿಗ್ಗೆ ಸರ್ವಿಸಿಗೆ ಸಮಯವೂ ಸಿಕ್ಕಿದೆ. ಸರ್ವಿಸ್ ಸೆಂಟರ್ ಇರುವುದು ಸಿಗ್ನಲ್ಲಿನ ಆಚೆ. ಹೊಸ ಆಯಿಲ್ ಹಾಕಿಸಿಕೊಂಡು ಮನೆ ಮುಟ್ಟುವುದರೊಳಗೆ ಅದಕ್ಕೆ ಎಷ್ಟು ವಯಸ್ಸಾಗಿರುತ್ತದೆ ಅಂತ ಅವನು ಇನ್ನೂ ಕೇಳಿಲ್ಲ.