ಹುಕ್‌ ಮಹಾಶಯನ ಮಾತು ಕೇಳದ ತಂತಿ

ಮದುವೆಮನೆಯಲ್ಲಿ ಹಲ್ಲಿಗೆ ಕ್ಲಿಪ್‌ ಹಾಕಿಸಿಕೊಂಡ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಬಂಧುಬಳಗದಲ್ಲಿ ಎಲ್ಲರೂ ದಂತವೈದ್ಯರೇ. ‘ಇನ್ನೊಂಚೂರು ಟೈಟ್‌ ಮಾಡಿಸಮ್ಮ, ಬೇಗ ಒಳಗೆ ಹೋಗುತ್ತೆ’ ಎನ್ನುವುದು ಸೋದರತ್ತೆಯ ಸಲಹೆ. ಹುಡುಗಿ ತುಟಿ ಬಿಗಿಹಿಡಿದು ತಲೆಯಾಡಿಸುತ್ತಾಳೆ.

ಅತ್ತೆಯ ತರ್ಕ ಕೇಳಲು ಚೆನ್ನಾಗಿದೆ, ಹಲ್ಲು ಒಪ್ಪಬೇಕಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳ್ಳನೆಯ ಪೊರೆಯೊಂದಿದೆ. ಮೆಲ್ಲಗೆ ಒತ್ತಿದರೆ ಹಲ್ಲಿನ ಮುಂದಿರುವ ಮೂಳೆ ಕರಗುತ್ತದೆ, ಹಿಂದೆ ಹೊಸ ಮೂಳೆ ಕೂಡಿಕೊಳ್ಳುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಹಲ್ಲು ನಡೆಯುತ್ತದೆ. ಜೋರಾಗಿ ಒತ್ತಿದಿರೋ, ಪೊರೆಯೊಳಗೆ ರಕ್ತ ಹರಿಯದೆ ಹಲ್ಲು ವಾರಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತದೆ. ಸಿಟಿ ಬಸ್ಸಿನಲ್ಲಿ ‘ಒಂಚೂರು ಸರೀತೀರಾ ಸಾರ್‌’ ಎಂದರೆ ಸಿಗುವ ಜಾಗ ಮೊಣಕೈಯಲ್ಲಿ ತಿವಿದರೆ ಸಿಗುವುದಿಲ್ಲ, ಹಾಗೆ.

ಆದ್ದರಿಂದ ಕ್ಲಿಪ್‌ ಡಾಕ್ಟರುಗಳಿಗೆ ಬೇಕಾದದ್ದು ಸೌಮ್ಯ ಸ್ವಭಾವದ ತಂತಿ. ಅಮೆರಿಕದ ದಂತವೈದ್ಯ ಎಡ್ವರ್ಡ್‌ ಆಂಗಲ್‌ ಅವರ ಕಾಲದಲ್ಲಿ ಚಿನ್ನದ ಮಿಶ್ರಲೋಹದ ತಂತಿ ಬಳಕೆಯಲ್ಲಿತ್ತು. (ನಮ್ಮ ಅಜ್ಜಿಯಂದಿರಾಗಿದ್ದರೆ ಚಿಕಿತ್ಸೆ ಮುಗಿದ ಮೇಲೆ ಕರಗಿಸಿ ಮೂಗುಬೊಟ್ಟು ಮಾಡಿಸುತ್ತಿದ್ದರು.) ಆಮೇಲೆ ಬಂದದ್ದು ಶೇಕಡ 18 ಕ್ರೋಮಿಯಂ, 8 ನಿಕ್ಕಲ್‌ ಬೆರೆತ ಸ್ಟೀಲು, ಅಂದರೆ ಅಡುಗೆಮನೆಯ ಲೋಟದ ದಾಯಾದಿ. ಅಗ್ಗ, ಗಟ್ಟಿ, ಹೇಳಿದ ಹಾಗೆ ಬಾಗುತ್ತದೆ. ಬಿಗುಮಾನ ಮಾತ್ರ ವಿಪರೀತ. ದುಂಡು ತಂತಿಯ ದಪ್ಪ ಎರಡರಷ್ಟಾದರೆ ಅದರ ಬಿಗಿತ 16 ಪಟ್ಟಾಗುತ್ತದೆ! ಹಾಗಾಗಿ ಹಳೆಯ ವೈದ್ಯರು ತೀರ ಸಣ್ಣ ತಂತಿಯನ್ನು ಆರಿಸಿ, ಇಕ್ಕಳ ಹಿಡಿದು ಅಲ್ಲಲ್ಲಿ ಕುಣಿಕೆ ತಿರುವಿ, ಉದ್ದ ಹೆಚ್ಚಿಸಿ ಅದನ್ನು ಪಳಗಿಸುತ್ತಿದ್ದರು. 1950ರ ದಶಕದಲ್ಲಿ ಎಲ್ಜಿನ್‌ ಕಂಪನಿ ಗಡಿಯಾರದ ಸ್ಪ್ರಿಂಗಿಗೆಂದು ಮಾಡಿದ ಕೋಬಾಲ್ಟ್‌ ಮಿಶ್ರಲೋಹವೂ ಬಾಯಿಗೆ ಬಂತು.

ನನಗೆ ಅತ್ಯಂತ ಪ್ರಿಯವಾದ ತಂತಿ ಹುಟ್ಟಿದ್ದು ಕ್ಷಿಪಣಿಯ ನೆವದಲ್ಲಿ. ಮೇರಿಲ್ಯಾಂಡಿನ ನೌಕಾಪಡೆ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್‌ ಕ್ಷಿಪಣಿಯ ಮೂತಿಗೆ ತಕ್ಕ ಲೋಹ ಹುಡುಕುತ್ತ ನಿಕ್ಕಲ್‌ ಮತ್ತು ಟೈಟಾನಿಯಂ ಬೆರೆಸಿದ್ದರು. 1960ರ ದಶಕದ ಆರಂಭದ ಒಂದು ಸಭೆಯಲ್ಲಿ ಅದರ ಮಡಿಕೆ ಮಡಿಕೆ ಪಟ್ಟಿಯೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಡೇವಿಡ್‌ ಮಝಿ ಎಂಬವರು ಪೈಪ್‌ ಹಚ್ಚುವ ಲೈಟರಿನಿಂದ ಅದಕ್ಕೆ ಶಾಖ ಕೊಟ್ಟರು. ಪಟ್ಟಿ ಮಡಿಕೆಗಳನ್ನೆಲ್ಲ ಬಿಚ್ಚಿಕೊಂಡು ಸೆಟೆದು ನಿಂತಿತು! ಸಭೆಗಳಲ್ಲಿ ಪೈಪ್‌ ಸೇದುವುದರಿಂದ ಆದ ಒಂದೇ ಒಂದು ಉಪಕಾರ ಇದಿರಬೇಕು. 1970ರ ದಶಕದ ಮೊದಲಲ್ಲಿ ಅಯೋವಾದ ಜಾರ್ಜ್‌ ಆಂಡ್ರಿಯಾಸನ್‌ ಇದನ್ನು ಹಲ್ಲಿಗೆ ತಂದರು.

ಎಳೆದಷ್ಟೂ ಬಲ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್‌ ಹುಕ್‌ 1678ರಲ್ಲೇ ಹೇಳಿಟ್ಟಿದ್ದರು. ಸ್ಟೀಲು ವಿಧೇಯವಾಗಿ ಪಾಲಿಸಿತು. 1980ರ ದಶಕದಲ್ಲಿ ಚೀನಾ, ಜಪಾನುಗಳಿಂದ ಬಂದ ನಿಕ್ಕಲ್‌–ಟೈಟಾನಿಯಂ ತಂತಿಗಳು ಒಂದು ಹದದವರೆಗೆ ಪಾಲಿಸಿ, ಅಲ್ಲಿಂದಾಚೆಗೆ ಕೈಕೊಟ್ಟವು. ಹೆಚ್ಚು ಬಗ್ಗಿಸಿದರೆ ಒಳಗಿನ ಹರಳುಗಳು ಜೋಡಣೆ ಬದಲಿಸಿಕೊಳ್ಳುತ್ತವೆ, ಬಲ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ತೀರ ಸೊಟ್ಟಗಿರುವ ಹಲ್ಲಿಗೂ ಕೊಂಚ ಸೊಟ್ಟಗಿರುವುದಕ್ಕೂ ಹೆಚ್ಚುಕಮ್ಮಿ ಒಂದೇ ನೂಕು.

ಮುಂದೆ ತಾಮ್ರ ಸೇರಿಸಿ 27, 35, 40 ಡಿಗ್ರಿ ಸೆಲ್ಸಿಯಸ್ಸಿಗೆ ಎಚ್ಚರಗೊಳ್ಳುವ ತಂತಿಗಳನ್ನೂ ಮಾಡಿದರು. ನಲವತ್ತರದ್ದು ಪೂರ್ತಿ ಕೆಲಸಕ್ಕೆ ಇಳಿಯುವುದು ಬಿಸಿ ಬಿಸಿ ಕುಡಿದಾಗ. ಫಿಲ್ಟರ್‌ ಕಾಫಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಸಿಕ್ಕಿಲ್ಲ. ಐಸ್‌ಕ್ರೀಂ ತಿಂದರೆ ತಂತಿ ಮೆತ್ತಗಾಗುತ್ತದೆ, ಹುಡುಗಿಯ ಮುಖವೂ.

ಇಷ್ಟು ಗುಣವಂತ ತಂತಿಗೆ ಒಂದು ಹಟ: ಇಕ್ಕಳದಲ್ಲಿ ಬಗ್ಗಿಸಿದರೆ ನಿಲ್ಲದು, ತನ್ನ ಆಕಾರಕ್ಕೇ ಮರಳುತ್ತದೆ. ಕೊನೆಯ ತಿದ್ದುಪಡಿಗೆ ಬೇರೆ ತಂತಿ ಬೇಕು. ನಿಕ್ಕಲ್‌ ಒಗ್ಗದವರಿಗೆ ಟೈಟಾನಿಯಂ–ಮಾಲಿಬ್ಡಿನಂ ಇದೆ. ಅದು ಮೃದು, ಆದರೆ ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿನಲ್ಲಿ ಜಾರದೆ ತಡವರಿಸುತ್ತದೆ. ಹೀಗಾಗಿ ಸಂದು ಮುಚ್ಚುವ ಹೊತ್ತಿಗೆ ವೈದ್ಯರು ನುಣುಪಾಗಿ ಜಾರುವ ಹಳೆಯ ಸ್ಟೀಲನ್ನೇ ಕರೆಯುತ್ತಾರೆ.

ಕ್ಲಿಪ್‌ ತೆಗೆದ ಮೇಲೂ ತಂತಿ ಬಿಡುವುದಿಲ್ಲ. ಹಲ್ಲುಗಳು ಹಳೆಯ ಜಾಗಕ್ಕೆ ಓಡದಿರಲೆಂದು ಅವುಗಳ ಹಿಂದೆ ಹೆಣೆದ ಸ್ಟೀಲ್‌ ತಂತಿಯೊಂದನ್ನು ಅಂಟಿಸುತ್ತಾರೆ. ಇದು ಎಷ್ಟು ವರ್ಷ ಇರಬೇಕು ಡಾಕ್ಟರೇ ಎಂದು ಕೇಳಿ ನೋಡಿ. ಅವರು ಬ್ರಷ್‌ ಮಾಡುವ ಕ್ರಮದ ಬಗ್ಗೆ ಮಾತು ಶುರುಮಾಡುತ್ತಾರೆ.